ಹಾಜಿ ಕಾಸಮನ ವೀಜಳಿ: ಹಡಗೊಡೆದ ಹಾಡು ಮತ್ತು ಹೊಣೆಯ ಪ್ರಶ್ನೆ

ಕ್ರಿ.ಶ. 1888ರ ನವೆಂಬರ್ 8ನೆಯ ಗುರುವಾರ, ವಿಕ್ರಮ ಸಂವತ್ 1945ರ ಕಾರ್ತಿಕ ಶುದ್ಧ ಪಂಚಮಿಯಂದು ಕಚ್ಛದ ಮಾಂಡವಿ ಬಂದರಿನಿಂದ ಮುಂಬಯಿಗೆ ಹೊರಟ 'ವೈತರಣಾ' ಎಂಬ ಉಗಿಹಡಗು ಸೌರಾಷ್ಟ್ರದ ಕರಾವಳಿಯಾಚೆ ಚಂಡಮಾರುತಕ್ಕೆ ಸಿಕ್ಕಿ ಕಾಣೆಯಾಯಿತು. ಅದರಲ್ಲಿದ್ದ 740ಕ್ಕೂ ಹೆಚ್ಚು ಜನರಲ್ಲಿ ಒಬ್ಬರೂ ಮರಳಲಿಲ್ಲ. ಶವಗಳು ದೊರೆಯಲಿಲ್ಲ, ಹಡಗಿನ ಅವಶೇಷವೂ ದೊರೆಯಲಿಲ್ಲ. ದೊರೆತದ್ದು ಒಂದು ಹಾಡು. ಝವೇರಚಂದ ಮೇಘಾಣಿಯವರು 1925ರಿಂದ ಸಂಪುಟಗಳಾಗಿ ಪ್ರಕಟಿಸಿದ 'ರಢಿಯಾಳೀ ರಾತ' ಎಂಬ ಜನಪದಗೀತೆಗಳ ಸಂಗ್ರಹದಲ್ಲಿ ಆ ಹಾಡು ಸೇರಿದೆ. ಗುಜರಾತಿನ ಜನ ಇಂದಿಗೂ ಆ ಹಡಗನ್ನು ಅದರ ದಾಖಲೆಯ ಹೆಸರಿನಿಂದ ಕರೆಯುವುದು ವಿರಳ. ಅವರಿಗೆ ಅದು 'ವೀಜಳಿ'. ಪೂರ್ತಿಯಾಗಿ ಹೇಳುವುದಾದರೆ ಹಾಜಿ ಕಾಸಮನ ವೀಜಳಿ.

ಪ್ರಸ್ತುತ ಲೇಖನವು ಈ ಹಾಡಿಗೆ ಒಬ್ಬ ಜಾನಪದ ವಿದ್ಯಾರ್ಥಿ ತೋರುವ ಪ್ರತಿಕ್ರಿಯೆ. ಗುಜರಾತಿ ನನಗೆ ಓದಿನ ಭಾಷೆಯಷ್ಟೆ. ಆದುದರಿಂದ ಹಾಡಿನ ನಾದವನ್ನು ಕುರಿತು ಹೆಚ್ಚು ಹೇಳುವ ಅಧಿಕಾರ ನನಗಿಲ್ಲ. ಆದರೆ ಹಾಡನ್ನು ಓದಿದಾಗಲೆಲ್ಲ ಅದರ ಪಲ್ಲವಿಯ ಒಂದು ಸಣ್ಣ ಪದ ನನ್ನನ್ನು ತಡೆದು ನಿಲ್ಲಿಸಿದೆ. ಹಾಡುವವರು ಹಾಜಿ ಕಾಸಮನನ್ನು ಸಂಬೋಧಿಸಿ ಹಡಗನ್ನು 'ನಿನ್ನದು' ಎನ್ನುತ್ತಾರೆ. ಆ ಹಡಗು ಅವನದಾಗಿರಲಿಲ್ಲ. ಮುಂಬಯಿಯ ಎ.ಜೆ. ಶೆಫರ್ಡ್ ಕಂಪನಿ ಅದರ ಒಡೆತನ ಹೊಂದಿತ್ತು. ಈ 'ನಿನ್ನ' ಎಂಬ ಪ್ರತ್ಯಯಮಾತ್ರದ ಮಾತು ಒಬ್ಬ ಮನುಷ್ಯನ ಹೆಸರಿಗೆ ಒಂದೂವರೆ ಶತಮಾನದ ಸಮೀಪದವರೆಗೆ ಏನು ಮಾಡಿತು, ಮತ್ತು ಜನಪದ ಹಾಡನ್ನು ಜನರ ಇತಿಹಾಸವೆಂದು ಕರೆಯುವ ನಮ್ಮ ಶಾಸ್ತ್ರ ಈ ಸಂದರ್ಭದಲ್ಲಿ ಏನು ಹೇಳಬೇಕು ಎಂಬುದೇ ಇಲ್ಲಿಯ ವಿಚಾರ.

ಮೊದಲು ಘಟನೆಯ ಸ್ಥೂಲ ವಿವರಗಳನ್ನು ಗಮನಿಸಬಹುದು. ವೈತರಣಾ 1885ರಲ್ಲಿ ಸ್ಕಾಟ್ಲೆಂಡಿನ ಗ್ರೇಂಜ್‌ಮೌತ್ ಹಡಗುಕಟ್ಟೆಯಲ್ಲಿ ನಿರ್ಮಾಣಗೊಂಡಿತು. ಸುಮಾರು 170 ಅಡಿ ಉದ್ದ, 26 ಅಡಿ ಅಗಲದ ಉಕ್ಕಿನ ಹಡಗು. ಮೂರು ಅಂತಸ್ತು, 25 ಕೋಣೆಗಳು. ಕಚ್ಛ ಮತ್ತು ಮುಂಬಯಿಗಳ ನಡುವೆ ಜನರನ್ನೂ ಸರಕನ್ನೂ ಸಾಗಿಸುತ್ತಿತ್ತು. ಅದರಲ್ಲಿ ವಿದ್ಯುದ್ದೀಪಗಳಿದ್ದವು. ಆ ಕಾಲದ ಕಚ್ಛ, ಕಾಠಿಯಾವಾಡಗಳ ಜನರಿಗೆ ಅದೊಂದು ಅಚ್ಚರಿ. ಬಂದರಿನಲ್ಲಿ ನಿಂತು ಹೊಳೆಯುವ ಹಡಗಿಗೆ ಅವರು 'ವೀಜಳಿ' ಎಂದರು. ಗುಜರಾತಿಯಲ್ಲಿ ಆ ಪದಕ್ಕೆ ವಿದ್ಯುತ್ತು ಎಂಬ ಅರ್ಥವೂ ಇದೆ, ಸಿಡಿಲಿನ ಮಿಂಚು ಎಂಬ ಅರ್ಥವೂ ಇದೆ.

ಪಯಣ ಹೊರಟ ದಿನವೂ ಗಮನಾರ್ಹ. ಕಾರ್ತಿಕ ಶುದ್ಧ ಪಂಚಮಿ ಗುಜರಾತಿ ವ್ಯಾಪಾರಿಗಳಿಗೆ 'ಲಾಭ ಪಂಚಮಿ'. ದೀಪಾವಳಿಗೆ ಮುಚ್ಚಿದ ಅಂಗಡಿಯನ್ನು ತೆರೆದು ಹೊಸ ವರ್ಷದ ವಹಿವಾಟಿಗೆ ತೊಡಗುವ ಶುಭದಿನ. ನಾವು ಬಲಿಪಾಡ್ಯಮಿ ಎಂದು ಆಚರಿಸುವ ದಿನವೇ ಅವರ ವರ್ಷಾರಂಭ. ಅದರ ಐದನೆಯ ದಿನ ಇದು. ಇನ್ನೊಂದು ವಾರದಲ್ಲಿ ದೇವರು ಏಳುವ ಏಕಾದಶಿ, ತುಳಸಿಯ ಮದುವೆ. ಅಲ್ಲಿಂದ ಮದುವೆಗಳ ಕಾಲ ತೆರೆಯುತ್ತದೆ. ಅಂದಮೇಲೆ ಹಬ್ಬಕ್ಕೆ ಊರಿಗೆ ಬಂದು ಮರಳುವ ವ್ಯಾಪಾರಿಗಳು, ಮುಂಬಯಿಯ ಹೆಣ್ಣುಗಳನ್ನು ತರಲು ಹೊರಟ ದಿಬ್ಬಣಗಳು, ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಹೊರಟ ಹುಡುಗರು ಒಂದೇ ಹಡಗಿನಲ್ಲಿ ಕೂಡಿದ್ದು ಆಕಸ್ಮಿಕವಲ್ಲ. ಪಂಚಾಂಗವೇ ಅವರನ್ನು ಅಲ್ಲಿಗೆ ತಂದಿತು. ಮಾಂಡವಿಯಲ್ಲಿ 520 ಜನ ಹತ್ತಿದರು. ದ್ವಾರಕೆಯಲ್ಲಿ ಮತ್ತಷ್ಟು ಜನ ಸೇರಿ ಪ್ರಯಾಣಿಕರ ಸಂಖ್ಯೆ 703ಕ್ಕೆ ಏರಿತು. ಹಡಗಿನ ಸಿಬ್ಬಂದಿ ಇದಕ್ಕೆ ಹೊರತು. ಹವೆ ಕೆಟ್ಟಿದ್ದರಿಂದ ಪೋರಬಂದರಿನಲ್ಲಿ ತಂಗದೆ ಹಡಗು ನೇರವಾಗಿ ಮುಂಬಯಿಯತ್ತ ಹೊರಟಿತು. ಮಾಂಗರೋಳದ ಬಳಿ ಅದನ್ನು ಕಂಡವರಿದ್ದರೆಂಬ ಮಾತಿದೆ. ಮಾಧವಪುರದ ಸಮೀಪ ಮುಳುಗಿರಬೇಕೆಂದು ಊಹೆ. ಮರುದಿನ ಕಾಣೆಯಾಗಿದೆಯೆಂದು ಘೋಷಿಸಲಾಯಿತು. ಮುಂಬಯಿಯಿಂದ ಶೋಧಕ್ಕೆ ಹೋದ ಹಡಗುಗಳು ಬರಿಗೈಯಲ್ಲಿ ಮರಳಿದವು.

ಇನ್ನು ಹಾಡಿನ ಕಡೆಗೆ. 'ರಢಿಯಾಳೀ ರಾತ' ಮುಖ್ಯವಾಗಿ ಹೆಣ್ಣುಮಕ್ಕಳ ರಾಸಗೀತೆಗಳ ಸಂಗ್ರಹ. ಬೆಳುದಿಂಗಳ ರಾತ್ರಿಗಳಲ್ಲಿ ವರ್ತುಲವಾಗಿ ಸುತ್ತುತ್ತ, ಕೈತಟ್ಟುತ್ತ ಹಾಡುವ ಹಾಡುಗಳು. ಎಂಟುನೂರರ ಸಮೀಪ ಸಾವುಗಳ ಕಥೆ ಅಂಥ ಹಾಡುಗಳ ನಡುವೆ ನೆಲೆಸಿದೆ ಎಂಬುದು ಮೇಲ್ನೋಟಕ್ಕೆ ವಿಚಿತ್ರ. ಆದರೆ ನಮ್ಮ ಕಥನಗೀತೆಗಳನ್ನು ಬಲ್ಲವರಿಗೆ ಇದು ಹೊಸದಲ್ಲ. ಭಾಗೀರಥಿಯ ಬಲಿಯ ಕಥೆಯಾದ 'ಕೆರೆಗೆ ಹಾರ' ಹೆಂಗಸರು ಕೂಡಿ ಹಾಡುವ ಹಾಡೇ ಆಗಿತ್ತು. ಅತಿ ಭಾರವಾದುದನ್ನು ಗುಂಪಿನ ಲಯಕ್ಕೆ ಒಪ್ಪಿಸಿಬಿಡುವುದು ಜನಪದದ ಒಂದು ಕ್ರಮ.

ಹಾಡು ಗಡಿಯಾರದ ಹೊತ್ತುಗಳಿಂದ ಆರಂಭವಾಗುತ್ತದೆ. ಭುಜ, ಅಂಜಾರಗಳ ದಿಬ್ಬಣಗಳು ಹೊರಡುತ್ತವೆ. ಇಷ್ಟು ಗಂಟೆಗೆ ಟಿಕೀಟು ಪಡೆದರು, ಇಷ್ಟು ಗಂಟೆಗೆ ಆಗಬೋಟು ಹೊರಟಿತು ಎಂದು ಒಂದೊಂದು ಗಂಟೆಯ ಲೆಕ್ಕ. ನಡುಹಗಲಿಗೆ ಹಡಗು ಸಮುದ್ರದಲ್ಲಿದೆ. ಈ ಹೊತ್ತು ದಾಖಲೆಯ ಹೊತ್ತಿಗೆ ತೀರ ದೂರವಲ್ಲ. ಕೇಸರಿ ಬಣ್ಣದ ಉಡುಗೆಯ ಮದುಮಕ್ಕಳು, ಶೇಠರು, ಲೆಕ್ಕವಿಲ್ಲದ ಮಕ್ಕಳು. ಆಮೇಲೆ ಗಾಳಿ. ಎದುರಿನಿಂದ ಬಂದ ಇನ್ನೊಂದು ಆಗಬೋಟಿನ ದೊಡ್ಡ ಸಾಹೇಬ ಹಡಗನ್ನು ಹಿಂದಕ್ಕೆ ತಿರುಗಿಸೆನ್ನುತ್ತಾನೆ. ತಿರುಗಿಸಿದರೆ ಹುಟ್ಟಿದ ನೆಲಕ್ಕೆ ನಾಚಿಕೆ, ಭಾರವೆಲ್ಲ ಅಲ್ಲಾನ ಮೇಲೆ ಎಂಬುದು ಹಡಗು ನಡೆಸುವವನ ಉತ್ತರದ ತಾತ್ಪರ್ಯ. ಬೆಂಕಿ ಆರುತ್ತದೆ, ಕಲ್ಲಿದ್ದಲು ಮುಗಿಯುತ್ತದೆ. ಮಾಲಮಿ ಕಣ್ಣಿಗೆ ಗಾಜು ಹಿಡಿದು ನೋಡುತ್ತಾನೆ. ಗಾಜಿನ ಕುಪ್ಪಿಯೊಳಗೆ ಕಾಗದ ಬರೆದಿಟ್ಟು ಮುಂಬಯಿಗೆ ಕಳಿಸುತ್ತಾರೆ. ಹಿಂದೂ ಮುಸಲ್ಮಾನರಿಬ್ಬರೂ ಹರಕೆ ಹೊರುತ್ತಾರೆ. ಅತ್ತ ಮುಂಬಯಿಯಲ್ಲಿ ಚಪ್ಪರ ಹಾಕಿದೆ, ಡೋಲು ಬಾರಿಸುತ್ತಿದೆ, ಸಕ್ಕರೆ ಹಂಚುತ್ತಿದ್ದಾರೆ, ದೀಪ ಉರಿಯುತ್ತಿದೆ. ತಂತಿ ಬರುತ್ತದೆ. ಓದಬಲ್ಲವರು ಓದುತ್ತಾರೆ, ಮನೆಮನೆಯಲ್ಲಿ ರೋದನ ಏಳುತ್ತದೆ. ಅರಿಶಿನ ಹಚ್ಚಿಕೊಂಡೇ ಮದುಮಗಳು ಅಳುತ್ತಾಳೆ. ಕೊನೆಗೆ ಸಾಹೇಬ, ಮಡ್ಡಮ್ಮ ಇಬ್ಬರೂ ಕಡಲನ್ನು ಕಲಕಿ ಹುಡುಕುತ್ತಾರೆ.

ಟಿಕೀಟು, ಗಡಿಯಾರ, ಕಲ್ಲಿದ್ದಲು, ತಂತಿ, ಗಾಜು: ಜನಪದ ಹಾಡು ಹಳೆಯ ಲೋಕದ್ದು ಎಂದು ಭಾವಿಸುವವರು ಈ ಪಟ್ಟಿಯನ್ನು ನೋಡಬೇಕು. ಇದು ಯಂತ್ರಯುಗದ ಹಾಡು. ಹಾಡಿದವರಿಗೆ ಆ ಯಂತ್ರದ ಹೆಸರೂ ಗೊತ್ತು, ಅದಕ್ಕೆ ಬೆಂಕಿಯೇ ಆಹಾರವೆಂಬುದೂ ಗೊತ್ತು. 'ಆಗಬೋಟ' ಎಂಬ ಪದ ಮರಾಠಿಯಲ್ಲೂ ಇದೆ. ಬೆಂಕಿಯ ದೋಣಿ ಎಂದೇ ಅದರ ಅರ್ಥ.

ಇದರ ರಚನೆಯಲ್ಲಿ ಇನ್ನೊಂದು ಅಂಶ ಉಂಟು. ಸಾಲುಗಳ ಉತ್ತರಾರ್ಧಗಳು ಗುಂಪುಗುಂಪಾಗಿ ಮರುಕಳಿಸುತ್ತವೆ. ಮೊದಲ ಭಾಗದಲ್ಲಿ ಹೆಚ್ಚಿನ ಸಾಲುಗಳು ಮುಂಬಯಿ ಶಹರಕ್ಕೆ ಹೋಗುವ ಮಾತಿನಲ್ಲಿ ಮುಗಿಯುತ್ತವೆ. ಗಾಳಿ ಎದ್ದ ಮೇಲೆ ಹಿಂದಕ್ಕೆ ತಿರುಗಿಸುವ ಮಾತು ಆ ಸ್ಥಾನಕ್ಕೆ ಬರುತ್ತದೆ. ದೃಶ್ಯ ಮುಂಬಯಿಗೆ ದಾಟಿದಾಗ ದಿಬ್ಬಣದ ದಾರಿ ಕಾಯುವ ಮಾತು. ಶೋಧದ ಭಾಗದಲ್ಲಿ ನೀರಿಗೆ ಪಾರವಿಲ್ಲವೆಂಬ ಮಾತು. ಹೋಗುವುದು, ಮರಳಬೇಕಾದುದು, ಕಾಯುವುದು, ತಳ ಸಿಗದಿರುವುದು. ಕಥೆಯ ವಿವರಗಳನ್ನೆಲ್ಲ ಅಳಿಸಿಹಾಕಿ ಈ ನಾಲ್ಕು ಅರ್ಧಸಾಲುಗಳನ್ನಷ್ಟೇ ಉಳಿಸಿಕೊಂಡರೂ ದುರಂತ ಪೂರ್ಣವಾಗಿ ನಿಲ್ಲುತ್ತದೆ. ಹಡಗು ಮುಳುಗುವ ಕ್ಷಣದ ವರ್ಣನೆ ಹಾಡಿನಲ್ಲಿ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬಹುದು. ಅದನ್ನು ಕಂಡವರು ಯಾರೂ ಬದುಕಿರಲಿಲ್ಲವಷ್ಟೆ. ಕಾಣದುದನ್ನು ಹಾಡು ವರ್ಣಿಸಲು ಹೋಗಲಿಲ್ಲ. ಕಂಡ ಎರಡು ದಡಗಳನ್ನು ಮಾತ್ರ ಹಿಡಿದುಕೊಂಡಿತು. ವಿದ್ವತ್ ಕವಿಗಳಿಗೆ ಸುಲಭವಾಗಿ ಒಲಿಯದ ಸಂಯಮವಿದು.

ಪಲ್ಲವಿಯಲ್ಲಿ ಹಡಗಿಗೆ ಏನಾಯಿತೆಂದು ಹೇಳುವ ಪದ 'ವೇರಣ'. ಇದು 'ವೈರಿ' ಶಬ್ದದ ಸ್ತ್ರೀರೂಪ, ಹಗೆಯಾದವಳು ಎಂದರ್ಥ. 'ವೇರಣ್‌ಛೇರಣ್' ಎಂಬ ಜೋಡಿನುಡಿಯಲ್ಲಿ ಅದೇ ಧ್ವನಿಗೆ ಚೆಲ್ಲಾಪಿಲ್ಲಿಯಾಗುವ ಅರ್ಥವೂ ಬರುತ್ತದೆ. ನಡುಗಡಲಿನಲ್ಲಿ ಹಡಗು ಒಡೆಯಿತು ಎನ್ನುವಲ್ಲಿಯೇ ಅದು ವೈರಿಯಾಯಿತು ಎಂಬ ದನಿ ಕೇಳಿಸುತ್ತದೆ. ಮೊದಲಿನಿಂದ ಹೊರಗಿನವನಾಗಿದ್ದವನನ್ನು ಹಗೆಯಾದನೆಂದು ಯಾರೂ ಹೇಳುವುದಿಲ್ಲ. ನಮ್ಮವರಾಗಿದ್ದವರು ತಿರುಗಿಬಿದ್ದಾಗ ಆ ಮಾತು. ಬಂದರಿನಲ್ಲಿ ಮಿನುಗುತ್ತಿದ್ದ ವೀಜಳಿಯನ್ನು ಜನ ತಮ್ಮ ಮನೆಯ ಹೆಣ್ಣೆಂಬಂತೆ ಹೆಸರಿಟ್ಟು ಕರೆದಿದ್ದರು.

ಇಲ್ಲಿ ಹಡಗಿನ ಅಧಿಕೃತ ಹೆಸರನ್ನು ಕುರಿತು ಒಂದು ಮಾತು ಹೇಳಬೇಕು. ವೈತರಣಾ ಎಂಬುದು ಮುಂಬಯಿ ಪ್ರಾಂತದ ಒಂದು ನದಿ. ಹಡಗಿಗೆ ಆ ನದಿಯ ಹೆಸರನ್ನಿಟ್ಟರು. ಆದರೆ ವೈತರಣಿ ಸತ್ತವರು ದಾಟಬೇಕಾದ ಯಮಲೋಕದ ಹೊಳೆಯೆಂಬುದು ಸಾಮಾನ್ಯ ಜನರಿಗೂ ತಿಳಿದ ಸಂಗತಿ. ಸಂಕೇತಕ್ಕಾಗಿ ಹುಡುಕುವ ಕವಿಗೆ ಇದಕ್ಕಿಂತ ಸಿದ್ಧವಾದ ಸಾಮಗ್ರಿ ಬೇಕಿರಲಿಲ್ಲ. ಹಾಡು ಆ ಹೆಸರನ್ನು ಮುಟ್ಟಲೇ ಇಲ್ಲ. ಜನಪದವು ಸಂಕೇತಗಳಲ್ಲಿಯೇ ಯೋಚಿಸುತ್ತದೆಂಬ ನಮ್ಮಲ್ಲಿ ಕೆಲವರ ನಂಬಿಕೆಗೆ ಈ ಮೌನ ಒಳ್ಳೆಯ ಉತ್ತರ. ಹಾಡುವವರಿಗೆ ಬೇಕಾಗಿದ್ದುದು ತಾವು ಕರೆಯುತ್ತಿದ್ದ ಹೆಸರು.

ಅಂಕಿಗಳ ವಿಷಯದಲ್ಲಿ ಹಾಡನ್ನು ನಂಬುವಂತಿಲ್ಲ. ಸತ್ತವರು 1300 ಎನ್ನುತ್ತದೆ. ಗುಡ್ಡ ಹತ್ತಿ ದಾರಿ ಕಾದ ಕನ್ಯೆಯರು 1600. ದಿಬ್ಬಣಗಳು 13. ಈ 13, 1300ಗಳ ನಂಟು ಲೆಕ್ಕದ್ದಲ್ಲ, ಪ್ರಾಸಬುದ್ಧಿಯದು. ನಮ್ಮ ಹಾಡುಗಳಲ್ಲಿ ಏಳು, ನೂರೊಂದು, ಮುನ್ನೂರರವತ್ತು ಬರುವ ಹಾಗೆ ಅದು ಬರುತ್ತದೆ. ಆದರೆ 13 ದಿಬ್ಬಣಗಳ ಸಂಗತಿ ಇಂದು ಈ ದುರಂತವನ್ನು ಕುರಿತ ಗದ್ಯಬರಹಗಳಲ್ಲೂ ಚಾರಿತ್ರಿಕ ಸಂಗತಿಯಾಗಿ ಕಾಣಿಸುತ್ತದೆ. ಹಾಡಿನಿಂದಲೇ ಅದು ಇತಿಹಾಸಕ್ಕೆ ದಾಟಿರಬೇಕೆಂಬುದು ನನ್ನ ಅನುಮಾನ. ಮೆಟ್ರಿಕ್ಯುಲೇಶನ್ ಹುಡುಗರ ಸಂಗತಿಯಾದರೋ ಗದ್ಯದಲ್ಲಿದೆ, ಹಾಡಿನಲ್ಲಿಲ್ಲ. ಹಾಡು ಅವರನ್ನು ಲೆಕ್ಕವಿಲ್ಲದ ಮಕ್ಕಳೊಳಗೆ ಸೇರಿಸಿಬಿಟ್ಟಿದೆ. ಯಾವುದು ಯಾವುದರಿಂದ ಎರವಲು ಪಡೆಯಿತು ಎಂಬ ಎಚ್ಚರವಿಲ್ಲದೆ ಹಾಡನ್ನೂ ದಾಖಲೆಯನ್ನೂ ಎದುರುಬದುರು ಇಟ್ಟು 'ಎರಡೂ ಒಪ್ಪುತ್ತವೆ' ಎಂದು ಸಂತೋಷಪಡುವುದು ಅಪಾಯಕಾರಿ.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಹಾಜಿ ಕಾಸಮ್ ಯಾರು? ಹೇಳಿಕೆಗಳು ಒಂದೇ ತೆರನಲ್ಲ. ಹಡಗಿನ ಕಪ್ತಾನನೆಂದು ಕೆಲವರು, ಶೆಫರ್ಡ್ ಕಂಪನಿಯ ಪರವಾಗಿ ಟಿಕೀಟು ಮಾರುತ್ತಿದ್ದ ಏಜೆಂಟನೆಂದು ಕೆಲವರು. ಹಾಡು ಅವನನ್ನು ಹಾಜಿ ಎನ್ನುತ್ತದೆ, ಮರುಸಾಲಿನಲ್ಲಿ ಶೇಠ ಎನ್ನುತ್ತದೆ. ಕಚ್ಛದ ಮೂಲದವನು, ಪೋರಬಂದರಿನ ಗಣ್ಯ, ಮುಂಬಯಿಯಲ್ಲಿ ನೆಲೆ ಇದ್ದವನು ಎಂಬ ಮಾತುಗಳಿವೆ. ಮುಂಬಯಿಯ ಹಾಜಿ ಕಾಸಮ್ ಚಾಳ್ ಅವನ ಹೆಸರಿನದೆನ್ನುತ್ತಾರೆ. ಇವುಗಳಲ್ಲಿ ಯಾವುದೇ ನಿಜವಾಗಲಿ, ಅವನು ಹಡಗಿನ ಮಾಲೀಕನಲ್ಲ ಎಂಬುದಂತೂ ನಿಶ್ಚಿತ. ಮಾಲೀಕನ ಹೆಸರು ಹಾಡಿನಲ್ಲಿ ಒಮ್ಮೆಯೂ ಬರುವುದಿಲ್ಲ.

ದುರಂತದ ನಂತರ ಮುಂಬಯಿ ಸರಕಾರ ವಿಚಾರಣೆ ನಡೆಸಿತು. ಹಡಗಿನಲ್ಲಿ ಸಾಕಷ್ಟು ಜೀವರಕ್ಷಕ ದೋಣಿಗಳಿರಲಿಲ್ಲ, ಜೀವರಕ್ಷಕ ಕವಚಗಳಿರಲಿಲ್ಲ, ಸುರಕ್ಷತೆಯ ಏರ್ಪಾಡು ಕೊರತೆಯದು ಎಂದು ಅದು ಕಂಡುಕೊಂಡಿತು. 703 ಜನರನ್ನು ಹತ್ತಿಸಿಕೊಂಡ ಹಡಗಿನಲ್ಲಿ ಸಾಕಷ್ಟು ದೋಣಿಗಳಿಲ್ಲದಿರುವುದು ಗಾಳಿಯ ತಪ್ಪಲ್ಲ, ಹಣೆಬರಹದ ತಪ್ಪೂ ಅಲ್ಲ. ಅದು ಒಡೆತನದ ಪ್ರಶ್ನೆ. ಹಾಡಿನಲ್ಲಿ ಈ ದೋಣಿಗಳಿಲ್ಲ. ಬಿಳಿಯ ಸಾಹೇಬ ಅಲ್ಲಿ ಎರಡು ಸಲ ಬರುತ್ತಾನೆ: ಮೊದಲು ಹಿಂದಿರುಗೆಂದು ಎಚ್ಚರಿಸುವವನಾಗಿ, ಆಮೇಲೆ ಹೆಂಡತಿಯೊಡನೆ ಕಡಲು ಹುಡುಕುವವನಾಗಿ. ಎಚ್ಚರಿಕೆ ಕೇಳದವನು ಮಾತ್ರ ನಮ್ಮವನು. ಹೊಣೆಯ ದೃಷ್ಟಿಯಿಂದ ನೋಡಿದರೆ ಹಾಡು ವಸ್ತುಸ್ಥಿತಿಯನ್ನು ತಲೆಕೆಳಗು ಮಾಡಿದೆ.

ಜನಪದ ಕವಿಗಳಿಗೆ ಸರಕಾರವನ್ನು ಹೆಸರಿಸುವ ಧೈರ್ಯವಿರಲಿಲ್ಲವೆಂದು ಇದನ್ನು ವಿವರಿಸುವಂತಿಲ್ಲ. ವೀಜಳಿ ಮುಳುಗಿದ ಅದೇ ವರ್ಷಗಳಲ್ಲಿ ಜೆ.ಎಫ್. ಫ್ಲೀಟ್ ಅವರು ಅದೇ ಮುಂಬಯಿ ಪ್ರಾಂತದ ದಕ್ಷಿಣ ಭಾಗದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ 'ಇಂಡಿಯನ್ ಆ್ಯಂಟಿಕ್ವೆರಿ' ಪತ್ರಿಕೆಯಲ್ಲಿ ಅಚ್ಚು ಮಾಡಿಸುತ್ತಿದ್ದರು. ಅವುಗಳಲ್ಲಿ ಹಲಗಲಿಯ ಬೇಡರ ಲಾವಣಿಯೂ ಇತ್ತು. 1857ರ ನಿಶ್ಶಸ್ತ್ರೀಕರಣದ ಹುಕುಮು ಆ ಲಾವಣಿಯಲ್ಲಿ ಕೇಡಿನ ಮೂಲವಾಗಿ ಸ್ಪಷ್ಟವಾಗಿ ನಿಂತಿದೆ. ಕಸಿದುಕೊಂಡವರು ಯಾರು, ಕೊಂದವರು ಯಾರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಹುಕುಮು ಊರಿನ ಬಾಗಿಲಿಗೆ ಬಂದಿತ್ತು, ಕುದುರೆಯ ಮೇಲೆ ಬಂದಿತ್ತು. ಶೆಫರ್ಡ್ ಕಂಪನಿ ಮಾಂಡವಿಯ ಮದುವೆಮನೆಗೆ ಬಂದಿರಲಿಲ್ಲ. ಬಂದರಿನಲ್ಲಿ ಹಣ ಪಡೆದು ಜನರನ್ನು ಹಡಗಿಗೆ ಹತ್ತಿಸಿದ ಮುಖವೊಂದಿತ್ತು, ಅದಕ್ಕೊಂದು ಹೆಸರಿತ್ತು. ಲಾವಣಿಕಾರ ನೋಡಬಲ್ಲ ಶತ್ರುವನ್ನು ಹೆಸರಿಸುತ್ತಾನೆ. ಷೇರುಗಳಲ್ಲಿಯೂ ವಿಮೆಯ ಕಾಗದದಲ್ಲಿಯೂ ಅಡಗಿದ ಒಡೆತನವನ್ನು ಹೆಸರಿಸುವ ನುಡಿ ಹಾಡಿನಲ್ಲಿ ಇನ್ನೂ ಹುಟ್ಟಿರಲಿಲ್ಲ.

ಕಾಸಮನನ್ನು ಕರೆದ ಹಾಡು ಅಲ್ಲಿಗೇ ನಿಲ್ಲುವುದಿಲ್ಲ ಎಂಬುದನ್ನು ಗಮನಿಸಬೇಕು. ಒಂದು ಘಟ್ಟದಲ್ಲಿ ಅದು ಹಡಗಿನ ಮೇಲೆಯೇ ತಿರುಗುತ್ತದೆ, ಇಷ್ಟು ಜನರನ್ನು ಕೊಂದೆಯಲ್ಲ ಎಂದು ಛೀಮಾರಿ ಹಾಕುತ್ತದೆ. ಆಗ ವೀಜಳಿ ಮಾತನಾಡುತ್ತಾಳೆ. ಬೈದವನನ್ನು ಅಣ್ಣನೆಂದು ಕರೆದು, ತಪ್ಪು ತನ್ನದಲ್ಲ, ಆರನೆಯ ದಿನದ ಬರಹ ಎನ್ನುತ್ತಾಳೆ. ಮಗು ಹುಟ್ಟಿದ ಆರನೆಯ ರಾತ್ರಿ ವಿಧಾತೃದೇವಿ ಬಂದು ಹಣೆಯಲ್ಲಿ ಬರೆಯುತ್ತಾಳೆಂಬ ನಂಬಿಕೆ ಇದು. ಉತ್ತರ ಕರ್ನಾಟಕದಲ್ಲಿ ಇವಳೇ ಶೆಟವಿ; ಬಾಣಂತಿಕೋಣೆಯಲ್ಲಿ ಅವಳಿಗಾಗಿ ದೀಪ ಹಚ್ಚಿಟ್ಟು ಕಾಯುತ್ತಾರೆ. ಶೆಟವಿ ಬರೆದದ್ದು ತಪ್ಪುವುದಿಲ್ಲವೆಂದು ನಮ್ಮ ಹೆಂಗಸರೂ ಹೇಳುತ್ತಾರೆ. ಇದನ್ನು ವಿಧಿವಾದವೆಂದು ಸುಲಭವಾಗಿ ತಳ್ಳಿಹಾಕಬಹುದು. ಆದರೆ ಹಾಡಿನೊಳಗೆ ಈ ಉತ್ತರ ಇನ್ನೊಂದು ಕೆಲಸ ಮಾಡುತ್ತದೆ. ಹಡಗನ್ನು ಬಿಡುಗಡೆ ಮಾಡುವ ಮಾತು ಕಾಸಮನನ್ನೂ ಅರ್ಧ ಬಿಡುಗಡೆ ಮಾಡುತ್ತದೆ. 740 ಜನರ ಹಣೆಯಲ್ಲಿ ಒಂದೇ ರಾತ್ರಿಯನ್ನು ಬರೆದಿದ್ದರೆ ಅದನ್ನು ಬರೆದ ಕೈ ಕಾಸಮನದಾಗಲು ಸಾಧ್ಯವಿಲ್ಲ.

ನೌಕಾದುರಂತದ ಕವಿತೆಗಳು ಹೊಣೆಯನ್ನು ಎಲ್ಲಿ ಇಡುತ್ತವೆ ಎಂಬುದನ್ನು ಬೇರೆ ಭಾಷೆಗಳಲ್ಲಿಯೂ ನೋಡಬಹುದು. ಸ್ಕಾಟ್ಲೆಂಡಿನ 'ಸರ್ ಪ್ಯಾಟ್ರಿಕ್ ಸ್ಪೆನ್ಸ್' ಎಂಬ ಕಥನಗೀತೆ 1765ರಲ್ಲಿ ಪರ್ಸಿಯ ಸಂಗ್ರಹದಲ್ಲಿ ಅಚ್ಚಾಯಿತು. ಚೈಲ್ಡ್ ಅವರ ಮಹಾಸಂಗ್ರಹದಲ್ಲಿ ಅದು 58ನೆಯದು. ಕೆಟ್ಟ ಹವೆಯ ಕಾಲದಲ್ಲಿ ನಾವಿಕನನ್ನು ಕಡಲಿಗೆ ಅಟ್ಟುವ ರಾಜ ಅಲ್ಲಿ ಮೊದಲ ಪದ್ಯದಲ್ಲೇ ಕುಳಿತಿದ್ದಾನೆ. ಹೊಣೆ ಯಾರದೆಂದು ಕೇಳುವವರಿಗೆ ಗೊತ್ತು. ಹಾಡು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಅಲ್ಲಿಯೂ ಮುಳುಗುವಿಕೆ ಕ್ಷಣಮಾತ್ರ, ಕಾಯುವ ಹೆಂಗಸರ ಚಿತ್ರ ದೀರ್ಘ. 1912ರಲ್ಲಿ ಟೈಟಾನಿಕ್ ಮುಳುಗಿ 1500ಕ್ಕೂ ಹೆಚ್ಚು ಜನ ಸತ್ತಾಗ ಥಾಮಸ್ ಹಾರ್ಡಿ ಸಂತ್ರಸ್ತರ ನಿಧಿಗಾಗಿ ಒಂದು ಕವಿತೆ ಬರೆದರು. ಆ ಹಡಗಿನಲ್ಲಿಯೂ ಎಲ್ಲರಿಗೆ ಸಾಲುವಷ್ಟು ದೋಣಿಗಳಿರಲಿಲ್ಲವೆಂಬುದು ಆಗಲೇ ಜಗತ್ತಿಗೆ ತಿಳಿದಿತ್ತು. ಹಾರ್ಡಿಯ ಕವಿತೆಯಲ್ಲಿ ದೋಣಿಗಳಿಲ್ಲ, ಸತ್ತವರೂ ಇಲ್ಲ. ಹಡಗು ಮತ್ತು ಹಿಮಗಡ್ಡೆಗಳನ್ನು ಒಂದಕ್ಕೊಂದು ಗಂಟುಹಾಕುವ ಕುರುಡು ಇಚ್ಛಾಶಕ್ತಿಯೊಂದು ಇದೆ. ಯುರೋಪಿನ ಅತ್ಯಂತ ಗಂಭೀರ ಲೇಖಕರಲ್ಲೊಬ್ಬರು ಕಚ್ಛದ ಹೆಂಗಸರು ಇಪ್ಪತ್ತನಾಲ್ಕು ವರ್ಷ ಮೊದಲು ನಿಂತಿದ್ದ ಜಾಗಕ್ಕೇ ಬಂದು ನಿಂತರು. ನನ್ನ ಮಟ್ಟಿಗೆ ಆ ಹೆಂಗಸರ ಹಾಡೇ ದೊಡ್ಡದು. ಅದರಲ್ಲಿ ಅರಿಶಿನ ಹಚ್ಚಿಕೊಂಡ ಹುಡುಗಿ ಇದ್ದಾಳೆ.

ಹಾಗಾದರೆ 'ನಿನ್ನ' ಎಂಬ ಮಾತನ್ನು ಆರೋಪವೆಂದು ಓದಬೇಕೆ? ಇಲ್ಲಿ ಶೋಕಗೀತೆಯ ವ್ಯಾಕರಣ ನಮ್ಮ ನೆರವಿಗೆ ಬರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹೆಂಗಸರು ಸತ್ತವರ ಮುಂದೆ ಹಾಡಿಕೊಂಡು ಅಳುವುದನ್ನು ಕೇಳಿದವರಿಗೆ ಗೊತ್ತು: ಆ ಅಳುವಿನಲ್ಲಿ ಸತ್ತವನನ್ನು ಹೆಸರು ಹಿಡಿದು, ನಂಟು ಹಿಡಿದು ಕರೆಯುತ್ತಾರೆ, ನನ್ನನ್ನು ಬಿಟ್ಟು ಹೋದೆಯಲ್ಲ ಎಂದು ಬೈಯುತ್ತಾರೆ, ವೈದ್ಯನನ್ನು, ದೇವರನ್ನು, ಎದುರಿಗೆ ನಿಂತ ಮೈದುನನನ್ನು ಒಬ್ಬೊಬ್ಬರನ್ನಾಗಿ ಎಳೆದು ತಂದು ನಿಲ್ಲಿಸುತ್ತಾರೆ. ಯಾರೂ ಅದನ್ನು ಸಾಕ್ಷಿಯ ಹೇಳಿಕೆಯೆಂದು ತಿಳಿಯುವುದಿಲ್ಲ. ಬೈಸಿಕೊಂಡ ಮೈದುನನೇ ಆಮೇಲೆ ಅವಳಿಗೆ ನೀರು ಕೊಡುತ್ತಾನೆ. ಅಳುವಿಗೆ ಒಬ್ಬ ಕೇಳುಗ ಬೇಕು, ಅಷ್ಟೆ. ವೀಜಳಿಯ ಸಂದರ್ಭದಲ್ಲಿ ಆ ಅಗತ್ಯ ಇನ್ನೂ ತೀವ್ರವಾಗಿತ್ತು. ಮುಂದೆ ಮಲಗಿಸಿಕೊಳ್ಳಲು ಶವವಿರಲಿಲ್ಲ. ಶವ ಸಿಗದವರಿಗೆ ದರ್ಭೆ ಅಥವಾ ಮುತ್ತುಗದೆಲೆಯ ಪ್ರತಿಕೃತಿ ಮಾಡಿ ಸಂಸ್ಕಾರ ನಡೆಸುವ ವಿಧಿ ಹಿಂದೂ ಶಾಸ್ತ್ರಗಳಲ್ಲಿದೆ. ದೂರದಲ್ಲಿ ಸತ್ತವರಿಗಾಗಿ ಸಲ್ಲಿಸುವ ಪ್ರಾರ್ಥನೆ ಮುಸ್ಲಿಮರ ಕೆಲವು ಪಂಥಗಳಲ್ಲಿದೆ. ಆದರೆ ಅವು ಗಂಡಸರ ಕರ್ಮಗಳು. ಹೆಂಗಸರಿಗೆ ಹೆಸರು ಹಿಡಿದು ಕರೆಯಲು ಯಾರಾದರೂ ಬೇಕಾಗಿತ್ತು. ಸತ್ತವರ ಹೆಸರುಗಳು 740. ಅವನ್ನೆಲ್ಲ ಒಂದು ಪಲ್ಲವಿಯಲ್ಲಿ ಕರೆಯಲಾಗದು. ಎಲ್ಲರ ನಾಲಿಗೆಗೂ ಸಾಮಾನ್ಯವಾಗಿದ್ದ ಒಂದೇ ಹೆಸರು ಹಾಜಿ ಕಾಸಮನದು. 'ನಿನ್ನ ವೀಜಳಿ' ಎಂಬುದರಲ್ಲಿ ನನಗೆ ಕೇಳಿಸುವುದು ಆಪಾದನೆಗಿಂತ ಮೊದಲು ಈ ಕರೆ. ಹಾಡಿನಲ್ಲಿ ಅವನ ಮತವನ್ನು ಕುರಿತು ಒಂದೂ ಕಟುಮಾತಿಲ್ಲದಿರುವುದು, ಹರಕೆಯ ಸಾಲಿನಲ್ಲಿ ಇಬ್ಬರೂ ಒಟ್ಟಿಗೆ ನಿಂತಿರುವುದು ಈ ಓದಿಗೆ ಪುಷ್ಟಿ ಕೊಡುತ್ತದೆ.

ಕೆಟ್ಟದ್ದು ಆಮೇಲೆ ಆಯಿತು. ಕರೆಯನ್ನು ಗದ್ಯ ಆಪಾದನೆಯಾಗಿ ಓದಿತು. ದುರಂತದ ನಂತರ ಜಾಮನಗರದ ಭಿಖಾರಾಮ ಸವಜಿ ಜೋಶಿ ಮತ್ತು ದುರ್ಲಭರಾಮ ಶ್ಯಾಮಜಿ ಧ್ರುವ ಅವರು 'ವೀಜಳಿ ವಿಲಾಪ' ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಪದ್ಯಪುಸ್ತಕಗಳನ್ನು ಹೊರತಂದರು. ಹಾಜಿ ಕಾಸಮನಿಗೆ ಫಕೀರನೊಬ್ಬ 99 ಹಡಗುಗಳ ವರ ಕೊಟ್ಟಿದ್ದನೆಂದೂ ವೀಜಳಿಯೇ ಅವುಗಳಲ್ಲಿ ಕೊನೆಯದೆಂದೂ ದಂತಕಥೆ ಬೆಳೆಯಿತು. ಏಜೆಂಟನೋ ಕಪ್ತಾನನೋ ಆಗಿದ್ದವನು ಈಗ ಹಡಗುಗಳ ಒಡೆಯ. ವರದ ಲೆಕ್ಕ ಮುಗಿದದ್ದೇ ದುರಂತದ ಕಾರಣ. 1954ರಲ್ಲಿ ಗುಣವಂತರಾಯ ಆಚಾರ್ಯರ ಕಾದಂಬರಿ ಬಂದು ಕಥೆಯನ್ನು ಅಕ್ಷರಸ್ಥ ಗುಜರಾತಿನ ಮನೆಮನೆಗೆ ಮುಟ್ಟಿಸಿತು. ಪೋರಬಂದರಿನ ಆಡಳಿತಗಾರ ಲೇಲಿ ಸಾಹೇಬರು ಹೊರಡಬೇಡವೆಂದು ಎಚ್ಚರಿಸಿದರು, ಕಪ್ತಾನ ಕೇಳಲಿಲ್ಲ ಎಂಬ ಮಾತೂ ಪ್ರಚಾರದಲ್ಲಿತ್ತು. ಹಾಡಿನಲ್ಲಿ ಹೆಸರಿಲ್ಲದಿದ್ದ ದೊಡ್ಡ ಸಾಹೇಬನಿಗೆ ಇಲ್ಲಿ ಹೆಸರೂ ಹುದ್ದೆಯೂ ಸಿಕ್ಕವು. ಧೋರಾಜಿಯ ವೈ.ಎಂ. ಚಿತಲವಾಲಾ ಅವರು ದಾಖಲೆಗಳನ್ನು ಹುಡುಕಿ ಬರೆದು 2010ರಲ್ಲಿ ಪ್ರಕಟವಾದ ಸಂಶೋಧನ ಗ್ರಂಥವು ಈ ಎಚ್ಚರಿಕೆಯ ಕಥೆಗೆ ಆಧಾರವಿಲ್ಲವೆಂದು ಕಂಡುಕೊಂಡಿತು. ಘಟನೆ ನಡೆದು ಆಗಲೇ 122 ವರ್ಷ.

ಈ ಅವಧಿಯಲ್ಲಿ ಜಾನಪದ ಶಾಸ್ತ್ರವೂ ತನ್ನ ಪಾಲಿನದನ್ನು ಮಾಡಿದೆ. ಬರೆದ ಇತಿಹಾಸ ಆಳುವವರದು, ಹಾಡಿದ ಇತಿಹಾಸ ಜನರದು ಎಂಬ ವಿಭಜನೆ ನಮಗೆಲ್ಲ ಪ್ರಿಯವಾದುದು. ಹಲಗಲಿಯಂಥ ಸಂದರ್ಭಗಳಲ್ಲಿ ಅದು ಉಪಯುಕ್ತವೂ ಹೌದು. ವೀಜಳಿಯ ಸಂದರ್ಭದಲ್ಲಿ ಆ ವಿಭಜನೆ ಮುರಿದುಬೀಳುತ್ತದೆ. ವಸಾಹತು ಸರಕಾರದ ವಿಚಾರಣೆ ವಸಾಹತು ಕಂಪನಿಯ ದೋಣಿಗಳನ್ನು ಎಣಿಸಿತು. ಜನರ ಹಾಡು ಎಣಿಸಲಿಲ್ಲ. ಮರಳಿ ಬಾರದವರಿಗಾಗಿ ಚಪ್ಪರದಲ್ಲಿ ಕಾದವರನ್ನು ಹಾಡು ಕಂಡಿತು, ವಿಚಾರಣೆ ಕಾಣಲಿಲ್ಲ. ಯಾವುದನ್ನೂ ಇನ್ನೊಂದರ ಸ್ಥಾನದಲ್ಲಿ ಇಡಲಾಗದು. ಹಾಡಿನಿಂದ ಹೊಣೆಗಾರನ ಹೆಸರನ್ನು ಹೊರತೆಗೆಯಲು ಹೋದವರೇ ಕಾಸಮನಿಗೆ ಅನ್ಯಾಯ ಮಾಡಿದರು, ಹಾಡಿದವರಲ್ಲ. ಅವರು ಅವನನ್ನು ವಿಚಾರಣೆಗೆ ಕರೆದಿರಲಿಲ್ಲ, ಅಳಲು ಕರೆದಿದ್ದರು. ಆದರೂ ಅವನ ವಂಶದವರ ಸ್ಥಾನದಲ್ಲಿ ನಿಂತು ಕೇಳಿದರೆ ಈ ವ್ಯತ್ಯಾಸ ಎಷ್ಟು ಸಮಾಧಾನ ಕೊಟ್ಟೀತು ಎಂಬ ಪ್ರಶ್ನೆ ಉಳಿದೇ ಇದೆ. ಬೆಳುದಿಂಗಳಲ್ಲಿ ಕೈತಟ್ಟುತ್ತ ಸುತ್ತುವವರು ಪ್ರತಿ ಸುತ್ತಿಗೂ ಪಲ್ಲವಿಗೆ ಮರಳುತ್ತಾರೆ, ಪ್ರತಿ ಪಲ್ಲವಿಗೂ ಒಂದೇ ಹೆಸರು. ಶೆಫರ್ಡ್ ಕಂಪನಿಯ ಹೆಸರನ್ನು ಇಂದು ತಿಳಿಯಬೇಕಾದರೆ ಗ್ರಂಥಾಲಯಕ್ಕೆ ಹೋಗಬೇಕು.